ಹೊದಿಸಿಟ್ಟ ಮಷೀನಿಗೇ ತುಕ್ಕು ಜಾಸ್ತಿ

ಆಗುಂಬೆ ಹತ್ತಿರದ ನಮ್ಮ ಕಡೆ ಆಯುಧ ಪೂಜೆ ಬರುವ ಹೊತ್ತಿಗೆ ಮಳೆ ಹೆಚ್ಚುಕಡಿಮೆ ಬಿಟ್ಟಿರುತ್ತದೆ. ಕತ್ತಿ, ಹಾರೆ, ಪಿಕಾಸಿ, ಕಳೆ ಹೊಡೆಯುವ ಮಷೀನು, ಔಷಧಿ ಪಂಪು ಎಲ್ಲ ಅಂಗಳಕ್ಕೆ ಬರುತ್ತವೆ. ಒಂದಿಷ್ಟು ಎಮರಿ ಪೇಪರ್, ಒಂದಿಷ್ಟು ಸೀಮೆಎಣ್ಣೆ, ಹಳೆ ಬನಿಯನ್ ತುಂಡು ಹಿಡಿದು ಎಲ್ಲರೂ ಕೂರುತ್ತೇವೆ. ನಾಲ್ಕು ತಿಂಗಳು ಕತ್ತಲೆಯಲ್ಲಿ ಬಿದ್ದಿದ್ದ ಕಬ್ಬಿಣವನ್ನು ತಿಕ್ಕಿ, ಬೆಳ್ಳಗೆ ಮಾಡಿ, ಅದರ ಮೇಲೆ ಒದ್ದೆ ಗಂಧ, ಕುಂಕುಮ, ಚೆಂಡುಹೂ ಇಟ್ಟು ಮರುದಿನದವರೆಗೆ ಹಾಗೇ ಬಿಡುತ್ತೇವೆ. ಗಂಧ ಇಟ್ಟ ಜಾಗದಲ್ಲಿ ಬೆಳಗಾಗುವುದರೊಳಗೆ ದುಂಡಗೆ ಒಂದು ಕೆಂಪು ಕಲೆ ಬಂದಿರುತ್ತದೆ. ಇದನ್ನು ನಾನು ಮನೆಯಲ್ಲಿ ಹೇಳಲು ಹೋಗಿಲ್ಲ. ಪೂಜೆ ಪೂಜೆಯೇ. ಆದರೆ ಪಂಚಾಂಗ ನೋಡಿದರೆ ಒಂದು ವಿಷಯ ಕಾಣುತ್ತದೆ. ನಾವು ಆಯುಧಗಳನ್ನು ವಿಚಾರಿಸಿಕೊಳ್ಳುವ ದಿನ ಮಳೆಗಾಲದ ಆಚೆ ದಡದಲ್ಲಿದೆ. ಆಗಬೇಕಾದ ಹಾಳು ಅಷ್ಟರಲ್ಲಿ ಆಗಿ ಮುಗಿದಿರುತ್ತದೆ.

ಹೋದ ವರ್ಷ ಪಕ್ಕದ ಮನೆಯ ಅಣ್ಣಯ್ಯನ ಕೊಟ್ಟಿಗೆಯಲ್ಲಿ ಈ ಕೆಲಸಕ್ಕೆ ಕೈ ಜೋಡಿಸಿದ್ದೆ. ಕೊಟ್ಟಿಗೆ ಎಂದರೆ ಈಗ ದನ ಇಲ್ಲ, ವೆಲ್ಡಿಂಗ್ ಶೆಡ್ಡು. ನಮ್ಮ ಕಡೆ ಬಹಳ ಮನೆಗಳಲ್ಲಿ ಹೀಗೇ ಆಗಿದೆ. ಗೇಟಿನ ಹಿಂಜು ಕಿತ್ತರೆ, ಅಡಿಕೆ ಸುಲಿಯುವ ಮಷೀನಿನ ಸ್ಟ್ಯಾಂಡ್ ಬಿರುಕು ಬಿಟ್ಟರೆ, ಕೈಗಾಡಿ ಮುರಿದರೆ ಪೇಟೆಗೆ ಹೊತ್ತುಕೊಂಡು ಹೋಗುವವರು ಯಾರು? ಹಾಗಾಗಿ ಐದಾರು ಕೆಜಿಯ ಇನ್ವರ್ಟರ್ ವೆಲ್ಡಿಂಗ್ ಮಷೀನು ಮನೆಮನೆಗೂ ಬಂದಿದೆ. ಅಣ್ಣಯ್ಯ ತನ್ನ ಮಷೀನನ್ನು ಮೃಗಶಿರಾ ಮಳೆ ಹಿಡಿಯುವ ಮೊದಲೇ ನೀಲಿ ಟಾರ್ಪಾಲಿನಲ್ಲಿ ಸುತ್ತಿ, ಪ್ಲಾಸ್ಟಿಕ್ ಹಗ್ಗದಲ್ಲಿ ಬಿಗಿದು, ಮೂಲೆಯಲ್ಲಿ ಸಿಮೆಂಟ್ ನೆಲದ ಮೇಲೆ ಇಟ್ಟಿದ್ದ. ಒಂದು ಹನಿ ನೀರು ಬೀಳುವ ಜಾಗ ಅಲ್ಲ ಅದು. ಗಂಟು ಬಿಚ್ಚಿದಾಗ ಮೊದಲು ಬಂದದ್ದು ಬೂಷ್ಟಿನ ವಾಸನೆ. ಮಷೀನಿನ ಸ್ಕ್ರೂಗಳ ತಲೆಯೆಲ್ಲ ಕೆಂಪು. ಬೆಸೆಯುವ ಕಬ್ಬಿಣಕ್ಕೆ ಕಚ್ಚಿಸುವ ಅರ್ತ್ ಕ್ಲಾಂಪಿನ ಸ್ಪ್ರಿಂಗು ಹಿಡಿದುಕೊಂಡು, ಎರಡು ಕೈಯಲ್ಲಿ ಅದುಮಿದರೂ ಬಾಯಿ ಬಿಡಲಿಲ್ಲ. ರಾಡು ಕಚ್ಚಿ ಹಿಡಿಯುವ ಹೋಲ್ಡರಿನ ಹಲ್ಲಿನ ಮೇಲೆ ಹಸಿರು ಪುಡಿ. ಜೊತೆಗಿಟ್ಟಿದ್ದ, ಕರಗಿ ಬೆಸುಗೆಯಾಗುವ ವೆಲ್ಡಿಂಗ್ ರಾಡಿನ ಪ್ಯಾಕೆಟ್ಟು ಮೆತ್ತಗಾಗಿ ಕೈಗೆ ಅಂಟುತ್ತಿತ್ತು.

"ಇಷ್ಟು ಜೋಪಾನ ಮಾಡಿದ್ದೆ ಮಾರಾಯ, ಇದಕ್ಕೇ ಹೀಗಾಗ್ಬೇಕಾ?" ಎಂದ ಅಣ್ಣಯ್ಯ. ಅದೇ ಹೊತ್ತಿಗೆ ಅವನ ಮಗ ಬಚ್ಚಲ ಒಲೆಯ ಪಕ್ಕದ ಕಟ್ಟಿಗೆ ರಾಶಿಯಿಂದ ಸುತ್ತಿಗೆ, ಚಾಣ ತಂದು ಕೊಟ್ಟ. ಯಾರೂ ಮುಚ್ಚಿರಲಿಲ್ಲ, ಎಣ್ಣೆ ಹಚ್ಚಿರಲಿಲ್ಲ. ಬೇಸಗೆಯಲ್ಲಿ ಎಸೆದವು ಹಾಗೇ ಬಿದ್ದಿದ್ದವು. ಒಂದು ಚೂರು ತುಕ್ಕಿಲ್ಲ. ಆವತ್ತಿನಿಂದ ನನ್ನ ತಲೆಯಲ್ಲಿ ಇದೇ ಓಡುತ್ತಿದೆ. ಜೋಪಾನ ಮಾಡಿದ್ದು ಹಾಳಾಗಿ, ಎಸೆದದ್ದು ಉಳಿಯುವುದು ಯಾಕೆ?

ಬೆವರುವ ಕಬ್ಬಿಣ

ತುಕ್ಕು ಹಿಡಿಯಲು ಮಳೆ ಬೀಳಬೇಕಿಲ್ಲ. ಗಾಳಿಯ ತೇವ ನೂರಕ್ಕೆ 60ರ ಆಸುಪಾಸು ದಾಟಿದರೆ ಕಬ್ಬಿಣದ ಮೈಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾಗಿ ನೀರು ಕೂರುತ್ತದೆ. ತುಕ್ಕಿಗೆ ಅಷ್ಟು ಸಾಕು. ನಮ್ಮಲ್ಲಿ ಮಳೆಗಾಲದ ಬಹಳ ದಿನ ತೇವ 90ರ ಆಸುಪಾಸಿನಲ್ಲೇ ಇರುತ್ತದೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ನಾಲ್ಕು ದಿನ ಬಿಡದೆ ಹೊಡೆದ ಮಳೆ ಒಂದು ಬೆಳಿಗ್ಗೆ ಹೊಳವಾಗುತ್ತದಲ್ಲ, ಆಗ ಶೆಡ್ಡಿಗೆ ಹೋಗಿ ವೈಸ್ ಮುಟ್ಟಿ ನೋಡಿ. ಕೈ ಒದ್ದೆಯಾಗುತ್ತದೆ. ಪಕ್ಕದಲ್ಲೇ ಇರುವ ಸುತ್ತಿಗೆಯ ಮರದ ಹಿಡಿ ಒಣಗಿಯೇ ಇರುತ್ತದೆ. ಮೇಲಿಂದ ಸೋರಿದ ನೀರಲ್ಲ ಅದು. ರಾತ್ರಿಯಿಡೀ ತಣ್ಣಗಾದ ಇಪ್ಪತ್ತು ಕೆಜಿ ಕಬ್ಬಿಣ ಬೆಳಿಗ್ಗೆ ಬೇಗ ಬಿಸಿಯಾಗುವುದಿಲ್ಲ. ಹೊರಗಿನ ಬೆಚ್ಚನೆ ಗಾಳಿ ಬಂದು ಅದಕ್ಕೆ ತಾಗಿ, ತನ್ನಲ್ಲಿದ್ದ ನೀರನ್ನು ಅಲ್ಲೇ ಬಿಟ್ಟು ಹೋಗುತ್ತದೆ.

ಲೆಕ್ಕ ನೋಡಿದರೆ ಇನ್ನೂ ಗಾಬರಿ. ಗಾಳಿ 25 ಡಿಗ್ರಿ ಇದ್ದು ತೇವ ನೂರಕ್ಕೆ 90 ಇದ್ದರೆ, ಕಬ್ಬಿಣ 23 ಡಿಗ್ರಿಗೆ ಇಳಿದರೂ ಸಾಕು, ಬೆವರಲು ಶುರು. ಎರಡೇ ಡಿಗ್ರಿಯ ವ್ಯತ್ಯಾಸ. ಅದೇ ಗಾಳಿಗೆ ಹೊಸ ನೀರು ಸೇರಿಸದೆ 33 ಡಿಗ್ರಿವರೆಗೆ ಬಿಸಿ ಮಾಡಿದರೆ ತೇವ ತಾನಾಗಿಯೇ 57ರ ಹತ್ತಿರ ಇಳಿಯುತ್ತದೆ. ಬಚ್ಚಲ ಒಲೆಯ ಪಕ್ಕದ ಸುತ್ತಿಗೆ ಉಳಿದದ್ದು ಹೀಗೆ. ದಿನಕ್ಕೆ ಎರಡು ಹೊತ್ತು ನೀರು ಕಾಯಿಸುವ ಒಲೆ. ರಾತ್ರಿಯೂ ಕೆಂಡ ಆರುವುದಿಲ್ಲ. ಸುತ್ತಿಗೆ ಯಾವತ್ತೂ ಸುತ್ತಲಿನ ಗಾಳಿಗಿಂತ ಒಂದಿಷ್ಟು ಬೆಚ್ಚಗೇ ಇತ್ತು.

ಟಾರ್ಪಾಲಿನ ಕತೆ ಇದಕ್ಕೆ ಉಲ್ಟಾ. ಮಳೆಗಾಲದಲ್ಲಿ ಸಿಮೆಂಟ್ ನೆಲ ಕೆಳಗಿನಿಂದ ತೇವ ಎಳೆಯುತ್ತಲೇ ಇರುತ್ತದೆ. ಅದು ಮೇಲೆ ಬಂದು ಗಾಳಿಗೆ ಹೋಗಬೇಕು. ಪ್ಲಾಸ್ಟಿಕ್ ಹೊದಿಸಿದರೆ ಎಲ್ಲಿಗೆ ಹೋಗುತ್ತದೆ? ಒಳಗೇ ಉಳಿದು, ರಾತ್ರಿ ತಣ್ಣಗಾದಾಗ ಮಷೀನಿನ ಮೇಲೆ ಕೂರುತ್ತದೆ. ಬೆಳಿಗ್ಗೆ ಆವಿಯಾಗಿ ಟಾರ್ಪಾಲಿನ ಒಳಮೈಗೆ ಹತ್ತುತ್ತದೆ, ಸಂಜೆ ಮತ್ತೆ ಇಳಿಯುತ್ತದೆ. ಧೂಳಿಗೆ ಏನಾದರೂ ಹೊದಿಸಲೇಬೇಕು ಅಂದರೆ ಹಳೆ ಬೆಡ್‌ಶೀಟ್ ಸಾಕು. ಕೆಳಗೆ ಎರಡು ಮರದ ತುಂಡು ಕೊಟ್ಟು ನೆಲದಿಂದ ಒಂದು ಗೇಣು ಮೇಲಿಟ್ಟರೆ, ಗೋಡೆಯಿಂದಲೂ ಅಷ್ಟೇ ದೂರ ಇಟ್ಟರೆ, ಅರ್ಧ ಕೆಲಸ ಆದಂತೆಯೇ.

ಕೊಟ್ಟಿಗೆಯನ್ನು ಶೆಡ್ಡು ಮಾಡಿಕೊಂಡವರಿಗೆ ಇನ್ನೊಂದು ಕಾಟ ಇದೆ. ದಶಕಗಟ್ಟಲೆ ದನದ ಗಂಜಲ ಕುಡಿದ ನೆಲ ಅದು. ಮೇಲೆ ಎಷ್ಟು ಸಿಮೆಂಟ್ ಬಳಿದರೂ ಗೋಡೆಯ ಬುಡದಲ್ಲಿ ಬಿಳಿ ಉಪ್ಪು ಏಳುತ್ತದೆ. ಉಪ್ಪಿಗೆ ಗಾಳಿಯ ನೀರು ಎಳೆಯುವ ಚಾಳಿ. ಅದರ ಮೇಲೆ ಅದೇ ಶೆಡ್ಡಿನ ಇನ್ನೊಂದು ಮೂಲೆಯಲ್ಲಿ ಗೊಬ್ಬರದ ಚೀಲ. ಪೊಟ್ಯಾಷ್ ಎಂದು ನಾವು ತರುವುದು ಹೆಚ್ಚಾಗಿ ಪೊಟ್ಯಾಸಿಯಂ ಕ್ಲೋರೈಡ್. ಕಡಲ ತೀರದಲ್ಲಿ ಕಬ್ಬಿಣ ತಿನ್ನುವ ಉಪ್ಪಿನ ಹತ್ತಿರದ ಸಂಬಂಧಿ. ಬಾಯಿ ಬಿಚ್ಚಿದ ಪೊಟ್ಯಾಷ್ ಚೀಲದ ಪಕ್ಕ ವೆಲ್ಡಿಂಗ್ ಮಷೀನು ಇಡುವುದೂ ಒಂದೇ, ಮಲ್ಪೆಯ ಬಂದರಿನಲ್ಲಿ ಇಡುವುದೂ ಒಂದೇ.

ಇನ್ನು ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್. ಅಡಿಕೆಗೆ ಕೊಳೆ ಔಷಧಿ ಹೊಡೆಯುವ ಮನೆಯವರಿಗೆ ನಾನು ಹೇಳಿಕೊಡಬೇಕಾದ್ದೇನಿಲ್ಲ. 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಸುಣ್ಣ ಸಾಕಾಯಿತಾ ಎಂದು ನೋಡಲು ಕತ್ತಿ ಅದ್ದುತ್ತೇವೆ. ಕತ್ತಿಯ ಅಲಗು ಕೆಂಪಗಾದರೆ ಸುಣ್ಣ ಸಾಲದು ಎಂದು ಅರ್ಥ. ಆ ಕೆಂಪು ತುಕ್ಕಲ್ಲ, ತಾಮ್ರ. ಅಷ್ಟು ತಾಮ್ರ ಕೂರಬೇಕಾದರೆ ಅಷ್ಟು ಕಬ್ಬಿಣ ಕರಗಿ ನೀರಿಗೆ ಹೋಗಿರಬೇಕು. ಕಬ್ಬಿಣ ಹೇಗೆ ಹಾಳಾಗುತ್ತದೆ ಎನ್ನುವುದನ್ನು ನಮ್ಮ ಅಜ್ಜಂದಿರು ಪ್ರತಿ ವರ್ಷ ಡ್ರಮ್ಮಿನ ಪಕ್ಕ ನಿಂತು ಕಣ್ಣಾರೆ ನೋಡುತ್ತಿದ್ದರು. ಆದರೂ ಮೈಲುತುತ್ತದ ಉಳಿದ ಪೊಟ್ಟಣ ಈಗಲೂ ಸ್ಪ್ಯಾನರ್ ಸೆಟ್ಟಿನ ಕಪಾಟಿಗೇ ಹೋಗುತ್ತದೆ. ಯಾಕೋ ಗೊತ್ತಿಲ್ಲ.

ಟಣ್ ಅನ್ಬೇಕು

ಮಷೀನಿನ ಮೈಮೇಲಿನ ತುಕ್ಕು ಕಣ್ಣಿಗೆ ಕಾಣುತ್ತದೆ, ತಿಕ್ಕಿದರೆ ಹೋಗುತ್ತದೆ. ನಿಜವಾದ ಕಿತಾಪತಿ ರಾಡಿನದು. ರಾಡಿನ ಮೇಲಿನ ಆ ಬೂದು ಮಣ್ಣಿನಂಥ ಲೇಪ ಸುಮ್ನೆ ಅಂಟಿಸಿದ್ದಲ್ಲ. ಅದು ಉರಿದು ಬರುವ ಹೊಗೆಯೇ ಕರಗಿದ ಲೋಹವನ್ನು ಗಾಳಿಯಿಂದ ಕಾಯುವುದು. ಆ ಲೇಪ ತೇವ ಕುಡಿದರೆ ಉರಿಯುವಾಗ ನೀರು ಒಡೆದು ಹೈಡ್ರೋಜನ್ ಆಗಿ ಕರಗಿದ ಕಬ್ಬಿಣದೊಳಗೆ ನುಗ್ಗುತ್ತದೆ. ಚಟಚಟ ಸದ್ದು, ಸುತ್ತ ಕಿಡಿಯ ಗುಳ್ಳೆ, ಬೆಸುಗೆಯ ತುಂಬ ಸೂಜಿ ತೂತು. ಇಷ್ಟಾದರೆ ಪರವಾಗಿಲ್ಲ, ಗ್ರೈಂಡ್ ಮಾಡಿ ಮತ್ತೆ ಹಾಕಬಹುದು.

ಒಂದು ವರ್ಷ ಪುನರ್ವಸು ಮಳೆಯಲ್ಲಿ ನಮ್ಮ ಟಿಲ್ಲರಿನ ಟ್ರೇಲರ್ ಹುಕ್ಕು ಬಿರುಕು ಬಿಟ್ಟಿತು. ದಪ್ಪ ಪ್ಲೇಟು, ಭಾರ ಎಳೆಯುವ ಜಾಗ. ನಾನು ಕೈ ಹಾಕಲಿಲ್ಲ. ಪೇಟೆಯ ಆಚಾರ್ರ ವರ್ಕ್‌ಶಾಪಿಗೆ ಒಯ್ದೆ. ಜೊತೆಗೆ ಮನೆಯಲ್ಲಿದ್ದ, ಇಂಥ ಭಾರದ ಕೆಲಸಕ್ಕೆ ಬಳಸುವ 7018 ನಂಬರಿನ ರಾಡಿನ ಪ್ಯಾಕೆಟ್ಟನ್ನೂ ತಗೊಂಡು ಹೋಗಿದ್ದೆ. ಹೊರಗೆ ಶೀಟಿನ ಮೇಲೆ ಮಳೆಯ ಸದ್ದಿಗೆ ಮಾತೇ ಕೇಳಿಸುತ್ತಿರಲಿಲ್ಲ. ಆಚಾರ್ರು ಪ್ಯಾಕೆಟ್ಟಿನಿಂದ ಎರಡು ರಾಡು ಎಳೆದು, ಕಿವಿಯ ಹತ್ತಿರ ಹಿಡಿದು, ಒಂದಕ್ಕೊಂದು ತಾಗಿಸಿದರು. ಆಮೇಲೆ ತಮ್ಮ ಓವನ್ನಿನಿಂದ ಎರಡು ತೆಗೆದು ಹಾಗೇ ತಾಗಿಸಿದರು.

"ಕೇಳಿಸ್ತಾ ಗೌಡ್ರೇ? ಒಣಗಿದ್ದು ಟಣ್ ಅನ್ಬೇಕು. ನಿಮ್ದು ಟಪ್ ಅಂತಿದೆ."

"ಬಿಸಿಲಿಗೆ ಹಾಕಿದ್ರೆ ಆಗಲ್ವಾ?"

"ಬಿಸಿಲು ಎಲ್ಲಿದೆ?" ಎಂದು ನಕ್ಕರು. ಆಮೇಲೆ ರಾಡಿನ ತುದಿಯಲ್ಲಿ ಲೇಪದ ಮೇಲೆ ಎದ್ದಿದ್ದ ಬಿಳಿ ನೂಲಿನಂಥ ಹರಳು ತೋರಿಸಿದರು. ಉಗುರಿನಿಂದ ಕೆರೆದರೆ ಲೇಪದ ಚೂರು ಉದುರಿ, ಒಳಗಿನ ತಂತಿ ಕೆಂಪಗೆ ಕಂಡಿತು. "ಇದು ಮುಗೀತು. ಇವತ್ತು ಇದ್ರಲ್ಲೇ ಹಾಕ್ಕೊಡ್ತೀನಿ, ನೋಡೋಕೆ ಚಂದ ಕೂತಿರುತ್ತೆ. ನಾಳೆ ನೀವು ಗೊಬ್ಬರ ತುಂಬ್ಕೊಂಡು ಏರು ಹತ್ತಿಸುವಾಗ ಕಿತ್ಕೊಂಡ್ರೆ ಯಾರು ಜವಾಬ್ದಾರಿ?"

ಅವರು ಹೇಳಿದ 'ನಾಳೆ' ಎನ್ನುವುದೇ ಮುಖ್ಯ. ಹೈಡ್ರೋಜನ್‌ನಿಂದ ಬರುವ ಬಿರುಕು ಆ ಕ್ಷಣಕ್ಕೆ ಬರುವುದಿಲ್ಲ. ಬೆಸುಗೆ ತಣ್ಣಗಾದ ಮೇಲೆ, ಗಂಟೆಗಳು ಕಳೆದ ಮೇಲೆ, ಕೆಲವು ಸಲ ಮರುದಿನ ಬರುತ್ತದೆ. ದಪ್ಪ ಪ್ಲೇಟು, ಗಟ್ಟಿ ಉಕ್ಕು, ಭಾರ ಹೊರುವ ಜಾಗ, ಈ ಮೂರು ಸೇರಿದರಂತೂ ಅಪಾಯ ಜಾಸ್ತಿ. 7018 ರಾಡನ್ನು ಲೋ ಹೈಡ್ರೋಜನ್, ಅಂದರೆ ಬೆಸುಗೆಗೆ ಹೈಡ್ರೋಜನ್ ಕಡಿಮೆ ಬಿಡುವ ರಾಡು ಎನ್ನುವುದು ಅದು ಒಣಗಿದ್ದರೆ ಮಾತ್ರ. ಡಬ್ಬಿ ಒಡೆದ ಮೇಲೆ 120ರಿಂದ 150 ಡಿಗ್ರಿಯ ಓವನ್ನಿನಲ್ಲೇ ಇರಬೇಕು. ತೇವ ಕುಡಿದರೆ 350 ಡಿಗ್ರಿಯ ಸುತ್ತ ಒಂದು ಗಂಟೆ ಸುಡಬೇಕು. ಕೇಕ್ ಮಾಡುವ ಮನೆ ಓವನ್ನು 250ಕ್ಕೇ ನಿಲ್ಲುತ್ತದೆ. ಹಾಗಾಗಿ ನನ್ನ ಅಭಿಪ್ರಾಯ ಕೇಳಿದರೆ, ಮಲೆನಾಡಿನ ಮನೆ ಶೆಡ್ಡಿನಲ್ಲಿ 7018 ಇಡುವುದೇ ದಂಡ. ಆ ಜಾತಿಯ ಕೆಲಸ ಓವನ್ ಇರುವವರಿಗೆ ಕೊಟ್ಟುಬಿಡಿ.

ಮನೆ ಕೆಲಸಕ್ಕೆ 6013 ಎನ್ನುವ ಸಾದಾ ರಾಡು ಸಾಕು. ಅಂಗಡಿಯಲ್ಲಿ 12 ನಂಬರ್ ಎಂದರೆ ಎರಡೂವರೆ ಎಂಎಂ, 10 ನಂಬರ್ ಎಂದರೆ 3.15. ಇದು ಅಷ್ಟು ನಾಜೂಕಿನದಲ್ಲ. ತೇವ ಆಗಿದ್ದರೆ 100 ಡಿಗ್ರಿ ಆಸುಪಾಸಿನಲ್ಲಿ ಅರ್ಧ ಮುಕ್ಕಾಲು ಗಂಟೆ ಇಟ್ಟರೆ ಚೇತರಿಸಿಕೊಳ್ಳುತ್ತದೆ. ಜಾಸ್ತಿ ಸುಡಲೂಬಾರದು, ಈ ಲೇಪಕ್ಕೆ ಒಂಚೂರು ತೇವ ಬೇಕು. ಕೆಲವರು ರಾಡಿನ ತುದಿಯನ್ನು ಕಬ್ಬಿಣಕ್ಕೆ ಅಂಟಿಸಿಟ್ಟು, ಕರೆಂಟು ಹರಿಸಿ, ರಾಡು ಕೆಂಪಗಾಗುವ ತನಕ ಕಾಯಿಸಿ 'ಒಣಗಿಸುತ್ತಾರೆ'. ಎಲ್ಲ ಊರಲ್ಲೂ ನೋಡಿದ್ದೇನೆ. ಹಾಗೆ ಮಾಡಿದರೆ ಒಳಗಿನ ತಂತಿ ಬಿಸಿಯಾಗಿ ಹಿಗ್ಗುತ್ತದೆ, ಲೇಪ ಬಿರಿಯುತ್ತದೆ, ಮಷೀನಿಗೂ ಪೆಟ್ಟು. ನೀರು ಹೋಗುತ್ತದೆ, ಜೊತೆಗೆ ಲೇಪವೂ ಹೋಗುತ್ತದೆ.

ಹಲ್ಲಿ, ಇರುವೆ, ಗ್ರೈಂಡರ್ ಧೂಳು

ಹಳೆ ಕಾಲದ ಟ್ರಾನ್ಸ್‌ಫಾರ್ಮರ್ ಮಷೀನಿಗೆ ಇಷ್ಟೊಂದು ಉಪಚಾರ ಬೇಕಿರಲಿಲ್ಲ. ಎರಡಾಳು ಎತ್ತುವ ಡಬ್ಬ, ಒಳಗೆ ಎಣ್ಣೆ, ಮೇಲೊಂದು ತಿರುಗಿಸುವ ಚಕ್ರ. ಆ ಎಣ್ಣೆ ನೀರು ಕುಡಿಯದಂತೆ ನೋಡಿಕೊಂಡರೆ ಮಕ್ಕಳ ಕಾಲಕ್ಕೂ ಬರುತ್ತದೆ. ಇನ್ವರ್ಟರ್ ಮಷೀನು ಹಾಗಲ್ಲ. ಒಳಗಿರುವುದು ಟಿವಿಯೊಳಗೆ ಇರುವಂಥ ಬೋರ್ಡು. ಫ್ಯಾನು ಹೊರಗಿನ ಗಾಳಿ ಎಳೆದು ಆ ಬೋರ್ಡಿನ ಮೇಲೆ ಬಿಡುತ್ತದೆ. ಪಕ್ಕದಲ್ಲಿ ಯಾರೋ ಗ್ರೈಂಡರ್ ಹಿಡಿದಿದ್ದರೆ ಎಳೆಯುವುದು ಬರೀ ಗಾಳಿಯನ್ನಲ್ಲ, ಕಬ್ಬಿಣದ ಪುಡಿಯನ್ನೂ. ಕಬ್ಬಿಣದ ಪುಡಿ ಕರೆಂಟು ಹರಿಸುತ್ತದೆ. ಬೇಸಗೆಯಲ್ಲಿ ಒಣ ಪುಡಿಯಾಗಿ ಸುಮ್ಮನೆ ಕೂತದ್ದು ಮಳೆಗಾಲದ ತೇವಕ್ಕೆ ಬೋರ್ಡಿಗೆ ಅಂಟಿ, ಎರಡು ತಂತಿಗಳ ನಡುವೆ ಸೇತುವೆ ಕಟ್ಟುತ್ತದೆ. ಜುಲೈ ತಿಂಗಳಲ್ಲಿ ಸ್ವಿಚ್ ಹಾಕಿದ ಕೂಡಲೇ 'ಢಬ್' ಎನ್ನುವ ಮಷೀನುಗಳ ಹಿಂದೆ ಬಹಳ ಸಲ ಇದೇ ಕತೆ. ಇಲ್ಲದಿದ್ದರೆ ಬೆಚ್ಚಗಿರುತ್ತದೆ ಎಂದು ಒಳಗೆ ಸೇರಿದ ಹಲ್ಲಿ.

ಹಾಗಾಗಿ ಮಳೆಗೆ ಮೊದಲು, ಮೇ ತಿಂಗಳ ಒಣ ಮಧ್ಯಾಹ್ನ, ಒಮ್ಮೆ ಮುಚ್ಚಳ ಬಿಚ್ಚಿ ಗಾಳಿ ಹೊಡೆದು ಸ್ವಚ್ಛ ಮಾಡುವುದು ಒಳ್ಳೆಯದು. ಪ್ಲಗ್ ಕಿತ್ತ ಕೂಡಲೇ ಬಿಚ್ಚಬೇಡಿ. 230 ವೋಲ್ಟು ಒಳಗೆ ಹೋಗಿ ಡಿಸಿ ಆದಾಗ 320ರ ಆಸುಪಾಸಿಗೆ ಏರುತ್ತದೆ. ಆ ಚಾರ್ಜು ಕೆಪಾಸಿಟರಿನಲ್ಲಿ ಸ್ವಲ್ಪ ಹೊತ್ತು ಕೂತಿರುತ್ತದೆ. ಒಂದು ಊಟ ಮುಗಿಸಿ ಬಂದು ಬಿಚ್ಚಿ, ಬಿಚ್ಚಿದ ಮೇಲೂ ಬೋರ್ಡಿಗೆ ಕೈ ತಾಗಿಸಬೇಡಿ. ಇದೆಲ್ಲ ರೂಢಿ ಇಲ್ಲದಿದ್ದರೆ ಮೆಕ್ಯಾನಿಕ್ಕಿನ ಹತ್ತಿರ ಮಾಡಿಸಿ. ಗಾಳಿ ಹೊಡೆಯುವಾಗಲೂ ಪಂಕ್ಚರ್ ಅಂಗಡಿಯ ಕಂಪ್ರೆಸರ್ ತಂದು ಹತ್ತಿರ ಹಿಡಿದು ಬಿಟ್ಟರೆ ಟ್ಯಾಂಕಿನೊಳಗಿನ ನೀರೂ ಬೋರ್ಡಿನ ಮೇಲೆ ಬೀಳುತ್ತದೆ.

ಮಳೆಗಾಲದಲ್ಲಿ ಇಂಥ ಮಷೀನು ಶೆಡ್ಡಿನಲ್ಲಿ ಇರುವುದೇ ಬೇಡ. ಐದು ಕೆಜಿ ತಾನೇ, ಮನೆಯೊಳಗೆ ತನ್ನಿ. ಆದರೆ ಅಟ್ಟದ ಮೇಲೆ ಒಲೆಯ ಹೊಗೆಗೆ ಇಡಬೇಡಿ. ಯುಪಿಎಸ್ ಬ್ಯಾಟರಿಯ ಪಕ್ಕವೂ ಬೇಡ. ಚಾರ್ಜ್ ಆಗುವಾಗ ಆ ಬ್ಯಾಟರಿಯಿಂದ ಏಳುವ ಆಸಿಡ್ ಹಬೆ ಸುತ್ತಲಿನ ತಾಮ್ರ, ಕಬ್ಬಿಣ ಎರಡನ್ನೂ ತಿನ್ನುತ್ತದೆ. ಬಹಳ ಮನೆಗಳಲ್ಲಿ ಮೆಟ್ಟಿಲ ಕೆಳಗೆ ಬ್ಯಾಟರಿಯೂ ಅಲ್ಲೇ, ಮಷೀನೂ ಅಲ್ಲೇ.

ಕೇಬಲ್ಲಿನ ವಿಷಯ ಚುಟುಕಾಗಿ ಹೇಳುತ್ತೇನೆ. ಆರ್ಕ್ ಸರಿಯಾಗಿ ಹತ್ತದಿದ್ದರೆ ನಾವೆಲ್ಲ ಮೊದಲು ಬೈಯುವುದು ಕರೆಂಟನ್ನು. ನಮ್ಮೂರಿನ ವೋಲ್ಟೇಜಿಗೆ ಬೈಯುವುದು ಅನ್ಯಾಯವೇನೂ ಅಲ್ಲ. ಆದರೆ ಒಂದು ಹತ್ತು ನಿಮಿಷ ಕೆಲಸ ಮಾಡಿ, ಮಷೀನ್ ಆಫ್ ಮಾಡಿ, ಕೇಬಲ್ಲನ್ನು ಉದ್ದಕ್ಕೂ ಮುಟ್ಟುತ್ತಾ ಹೋಗಿ. ಎಲ್ಲಿ ಕೈ ಚುರ್ ಎನ್ನುತ್ತದೋ ಅಲ್ಲಿ ಜಾಯಿಂಟು ಕೆಟ್ಟಿದೆ. ಹೆಚ್ಚಾಗಿ ಅದು ಅರ್ತ್ ಕ್ಲಾಂಪಿನ ಬುಡ. ಕೇಬಲ್ಲಿನ ತುದಿಗೆ ಒತ್ತಿ ಕೂರಿಸುವ ಲಗ್ ಹಾಕದೆ ತಂತಿಯನ್ನು ಹುರಿ ಮಾಡಿ ಬೋಲ್ಟಿಗೆ ಸುತ್ತಿರುತ್ತಾರೆ. ತುಕ್ಕು ಹಿಡಿದ ಬೋಲ್ಟು, ಹಸಿರು ಹಿಡಿದ ತಾಮ್ರ. ಇಪ್ಪತ್ತು ರೂಪಾಯಿಯ ಜಾಗದಲ್ಲಿ ಅರ್ಧ ಕರೆಂಟು ಬಿಸಿಯಾಗಿ ಹೋಗುತ್ತಿರುತ್ತದೆ. ಮತ್ತೆ, ಒದ್ದೆ ನೆಲದಲ್ಲಿ ಹವಾಯಿ ಚಪ್ಪಲಿ ಹಾಕಿ ವೆಲ್ಡಿಂಗ್ ಮಾಡುವವರಿಗೆ ಒಂದು ಮಾತು. ರಾಡು ತಾಗಿಸುವ ಮೊದಲು ಹೋಲ್ಡರಿನ ತುದಿಯಲ್ಲಿ 50ರಿಂದ 80 ವೋಲ್ಟ್ ಇರುತ್ತದೆ. ಒಣ ಕೈಗೆ ಅದು ಜುಮ್ ಎನ್ನುತ್ತದೆ. ಬೆವರಿದ ಕೈ, ಒದ್ದೆ ಕಾಲು ಇದ್ದರೆ ಆಳನ್ನೇ ತೆಗೆಯಬಹುದು.

ಎಣ್ಣೆ ಒರೆಸುವ ಹುರುಪಿನಲ್ಲಿ ಮರೆಯಬಾರದ್ದು ಇನ್ನೊಂದಿದೆ. ಗ್ಯಾಸ್ ಕಟ್ಟಿಂಗ್ ಸೆಟ್ಟು ಇದ್ದವರು ಆಕ್ಸಿಜನ್ ಸಿಲಿಂಡರಿನ ವಾಲ್ವಿಗೆ, ರೆಗ್ಯುಲೇಟರಿಗೆ, ಅದು ಎಷ್ಟೇ ಬಿಗಿಯಾಗಿರಲಿ, ಎಣ್ಣೆ ಗ್ರೀಸ್ ತಾಗಿಸಬಾರದು. ಒತ್ತಡದ ಆಕ್ಸಿಜನ್ನಿಗೆ ಎಣ್ಣೆ ಸಿಕ್ಕಿದರೆ ಕಿಡಿ ಬೇಕಿಲ್ಲ, ತಾನೇ ಹೊತ್ತಿಕೊಳ್ಳುತ್ತದೆ. ಆಚಾರ್ರು ಎಣ್ಣೆ ಕೈಯಲ್ಲಿ ಆ ಸಿಲಿಂಡರ್ ಮುಟ್ಟಲು ಹುಡುಗರನ್ನು ಬಿಡುವುದೇ ಇಲ್ಲ.

ಚೊಗರು ಮತ್ತು ಕೊಡಚಾದ್ರಿಯ ಕಂಬ

ಅಡಿಕೆ ಸುಲಿಯುವ ಕಾಲದಲ್ಲಿ ಮೆಟ್ಟುಗತ್ತಿ ನೋಡಿದ್ದೀರಲ್ಲ. ಹಸಿ ಅಡಿಕೆಯ ರಸ ತಾಗಿ ತಾಗಿ ಅಲಗಿನ ಬದಿ ಕಪ್ಪಗೆ, ನೀಲಿ ಛಾಯೆಗೆ ತಿರುಗಿರುತ್ತದೆ. ಸುಲಿಯುವವರ ಬೆರಳೂ ಅಷ್ಟೇ, ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಅಡಿಕೆಯಲ್ಲಿರುವ ಟ್ಯಾನಿನ್ ಕಬ್ಬಿಣಕ್ಕೆ ತಾಗಿ ಆದ ಕಪ್ಪು ಅದು. ಅಳಲೆಕಾಯಿ ಕಷಾಯಕ್ಕೆ ಅನ್ನಭೇದಿ ಎನ್ನುವ ಕಬ್ಬಿಣದ ಲವಣ ಹಾಕಿ ಶಾಯಿ ಮಾಡುತ್ತಿದ್ದದ್ದೂ ಇದೇ ಲೆಕ್ಕದ ಮೇಲೆ. ಅಂಗಡಿಯಲ್ಲಿ ರಸ್ಟ್ ಕನ್ವರ್ಟರ್ ಎಂದು ಸಣ್ಣ ಬಾಟಲಿಯಲ್ಲಿ ಮಾರುವುದರಲ್ಲೂ ಹೆಚ್ಚಾಗಿ ಟ್ಯಾನಿಕ್ ಆಸಿಡ್ ಇಲ್ಲವೇ ಫಾಸ್ಫರಿಕ್ ಆಸಿಡ್ ಇರುತ್ತದೆ. ಕೆಂಪು ತುಕ್ಕನ್ನು ಅದು ಗಟ್ಟಿ ಕಪ್ಪು ಪದರವಾಗಿ ಮಾರ್ಪಡಿಸುತ್ತದೆ.

ಅಡಿಕೆ ಬೇಯಿಸಿ ಉಳಿದ ಚೊಗರು ನಮ್ಮಲ್ಲಿ ಹಂಡೆಗಟ್ಟಲೆ ಇರುವಾಗ ಬಾಟಲಿ ಯಾಕೆ ತರಬೇಕು ಎನಿಸಿತು. ಹಳೆ ಪಿಕಾಸಿಯೊಂದರ ಸಡಿಲ ತುಕ್ಕನ್ನು ವೈರ್ ಬ್ರಷ್ಷಿನಲ್ಲಿ ಉದುರಿಸಿ ಮಂದ ಚೊಗರು ಬಳಿದೆ. ಕಾಫಿ ಕುಡಿದು ಬರುವುದರೊಳಗೆ ಕಪ್ಪಗಾಗಿತ್ತು. ಅರ್ಧಕ್ಕೆ ಮಾತ್ರ ಮೇಲೆ ಬಣ್ಣ ಹೊಡೆದು, ಇನ್ನರ್ಧ ಹಾಗೇ ಬಿಟ್ಟು ಮಳೆಗೆ ಇಟ್ಟೆ. ಬಣ್ಣ ಇದ್ದ ಭಾಗ ಮಳೆಗಾಲ ದಾಟಿತು. ಬರೀ ಚೊಗರಿನ ಭಾಗದಲ್ಲಿ ಆರಿದ್ರಾ ಮುಗಿಯುವುದರೊಳಗೆ ಕೆಂಪು ಇಣುಕಿತು. ಅಂದರೆ ಅದು ಬಣ್ಣದ ಕೆಳಗಿನ ಹಾಸು ಅಷ್ಟೇ, ಹೊದಿಕೆ ಅಲ್ಲ. ಇದೇ ಮಾತು ರೆಡ್ ಆಕ್ಸೈಡಿಗೂ ಸಲ್ಲುತ್ತದೆ. ಗೇಟಿಗೆ ರೆಡ್ ಆಕ್ಸೈಡ್ ಹೊಡೆದು, 'ಬಣ್ಣ ಆಮೇಲೆ ನೋಡಿಕೊಳ್ಳೋಣ' ಎಂದು ಎರಡು ಮಳೆಗಾಲ ಬಿಟ್ಟ ಮನೆಗಳು ನಮ್ಮೂರಲ್ಲಿ ಬೇಕಾದಷ್ಟಿವೆ. ಪ್ರೈಮರಿನಲ್ಲಿ ನೀರು ನುಸುಳುತ್ತದೆ. ಮೇಲೆ ಎನಾಮಲ್ ಕೂತರೆ ಮಾತ್ರ ಅದರ ಕೆಲಸ ಪೂರ್ತಿ.

ಗೇಟುಗಳು ಎಲ್ಲಿ ಮೊದಲು ಹಾಳಾಗುತ್ತವೆ ಎಂದು ನಾನು ದಾರಿಯಲ್ಲಿ ಹೋಗುವಾಗ ನೋಡುವ ಚಟ ಬೆಳೆಸಿಕೊಂಡಿದ್ದೇನೆ. ಮೊದಲು ಬೆಸುಗೆಯ ಪಕ್ಕ. ಬೆಸುಗೆಯ ಮೇಲೆ ಗಟ್ಟಿಯಾಗಿ ಕೂರುವ ಸ್ಲಾಗ್ ಎನ್ನುವ ಹೊಟ್ಟನ್ನು ಪೂರ್ತಿ ಒಡೆಯದೆ ಅದರ ಮೇಲೇ ಬಣ್ಣ ಹೊಡೆದಿರುತ್ತಾರೆ. ಸ್ಲಾಗ್ ಕಳಚಿ ಬಿದ್ದಾಗ ಬಣ್ಣವನ್ನೂ ಒಯ್ಯುತ್ತದೆ. ಆಮೇಲೆ ಕೆಳಗಿನ ಅಡ್ಡ ಪೈಪು. ಸ್ಕ್ವೇರ್ ಪೈಪಿನ ಬಾಯಿ ಮುಚ್ಚದೆ ಬಿಟ್ಟರೆ ನೀರು ಒಳಗೆ ಹೋಗಿ ಹೊರಬರಲು ದಾರಿ ಇಲ್ಲದೆ ನಿಲ್ಲುತ್ತದೆ. ಹೊರಗೆ ಹೊಳೆಯುವ ಬಣ್ಣ, ಒಳಗೆ ಖಾಲಿ. ಪೂರ್ತಿ ಮುಚ್ಚಿ, ಇಲ್ಲವೇ ಕೆಳಗೆ ಒಂದು ತೂತು ಕೊಡಿ. ಸ್ಟೇನ್‌ಲೆಸ್ ಸ್ಟೀಲ್ ಗ್ರಿಲ್ಲಿಗೂ ತುಕ್ಕು ಬಂತು ಎಂದು ಹೇಳುವವರು ಅದಕ್ಕೆ ಬಳಸಿದ ಗ್ರೈಂಡಿಂಗ್ ವೀಲ್ ಯಾವುದು ಎಂದು ಕೇಳಬೇಕು. ಸಾದಾ ಕಬ್ಬಿಣ ತಿಕ್ಕಿದ ವೀಲಿನಲ್ಲೇ ಸ್ಟೀಲ್ ತಿಕ್ಕಿದರೆ ಕಬ್ಬಿಣದ ಕಣ ಅದರ ಮೈಗೆ ಹತ್ತಿಕೊಂಡು ಕೆಂಪಗಾಗುತ್ತದೆ.

ಈ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಕೊಡಚಾದ್ರಿಯ ಕಬ್ಬಿಣದ ಕಂಬ ಎತ್ತುತ್ತಾರೆ. ಮೂಲ ಮೂಕಾಂಬಿಕೆಯ ಗುಡಿ ಹತ್ತಿರದ್ದು. "ಅಷ್ಟು ಮಳೆಗೆ, ಕಡಲ ಗಾಳಿಗೆ ಅದು ನಿಂತಿಲ್ವಾ? ಈಗಿನ ಕಬ್ಬಿಣವೇ ಕಳಪೆ." ಹಳೆ ಕಬ್ಬಿಣದ ಗುಣ ಬೇರೆ ಎನ್ನುವುದು ನಿಜವೇ. ದೆಹಲಿಯ ಕಂಬದಲ್ಲಿ ಫಾಸ್ಫರಸ್ ಜಾಸ್ತಿ ಇದ್ದು ಅದೇ ಒಂದು ಕಾಯುವ ಪದರ ಕಟ್ಟಿಕೊಂಡಿದೆ ಎಂದು ಲೋಹ ವಿಜ್ಞಾನಿಗಳು ತೋರಿಸಿದ್ದಾರೆ. ಆದರೆ ನನಗೆ ಹೊಳೆಯುವುದು ಇನ್ನೂ ಸಾದಾ ಉತ್ತರ. ಕಂಬದ ದಪ್ಪ ನೋಡಿ, ನಮ್ಮ ಗೇಟಿನ ಪೈಪು ನೋಡಿ. 18 ಗೇಜಿನ ಪೈಪು ಎಂದರೆ 1.2 ಎಂಎಂ ಗೋಡೆ. ಅರ್ಧ ಎಂಎಂ ತುಕ್ಕಿಗೆ ಹೋದರೆ ಕಂಬಕ್ಕೆ ಗೊತ್ತೇ ಆಗುವುದಿಲ್ಲ. ಗೇಟಿಗೆ ಅದು ಅರ್ಧ ಆಯಸ್ಸು. ಮತ್ತೆ, ಗುಡ್ಡದ ಮೇಲೆ ಗಾಳಿಗೆ ಬಿದ್ದ ಕಬ್ಬಿಣ ಮಳೆ ನಿಂತ ಕೂಡಲೇ ಒಣಗುತ್ತದೆ. ಯಾರೂ ಅದಕ್ಕೆ ಟಾರ್ಪಾಲು ಹೊದಿಸುವುದಿಲ್ಲ, ಅಲ್ವಾ?

ಬಲ್ಬಿಗಾಗಿ ಅಲೆದಾಟ

ಇಷ್ಟೆಲ್ಲ ಯೋಚಿಸಿ ನಾನು ಮಾಡಿದ್ದು ದೊಡ್ಡದೇನಲ್ಲ. ಕೆಟ್ಟು ಮೂಲೆಗೆ ಬಿದ್ದಿದ್ದ ಹಳೆ ಫ್ರಿಜ್ಜನ್ನು ಜಗುಲಿಯ ಪಕ್ಕದ ಕೋಣೆಗೆ ತಂದೆ. ಕೆಳಗೆ ಒಂದು ಹೋಲ್ಡರ್, ಅದಕ್ಕೆ 40 ವ್ಯಾಟಿನ ಬಲ್ಬು. ಬುಡದಲ್ಲೊಂದು, ನೆತ್ತಿಯಲ್ಲೊಂದು ಸಣ್ಣ ತೂತು. ಬಿಸಿ ಗಾಳಿ ಏರುವಾಗ ತೇವವನ್ನೂ ಹೊರಗೆ ಹಾಕಬೇಕಲ್ಲ. ಮೇಲಿನ ಹಲಗೆಯಲ್ಲಿ ರಾಡು, ಡ್ರಿಲ್ ಬಿಟ್ಟು, ಟ್ಯಾಪ್ ಸೆಟ್ಟು, ಮೈಕ್ರೋಮೀಟರು. ಅದರ ಕೆಳಗೆ ಹೋಲ್ಡರ್, ಕ್ಲಾಂಪು. ಫ್ರಿಜ್ಜು ಶಾಖ ಹೊರಗೆ ಬಿಡದಂತೆ ಮಾಡಿದ ಪೆಟ್ಟಿಗೆ, ಹಾಗಾಗಿ ಅಷ್ಟು ಸಣ್ಣ ಬಲ್ಬೇ ಸಾಕಾಗುತ್ತದೆ. ಹೊರಗಿಗಿಂತ ಹತ್ತು ಡಿಗ್ರಿ ಜಾಸ್ತಿ ಇದ್ದರೂ ಮೇಲೆ ಹೇಳಿದ ಲೆಕ್ಕಕ್ಕೆ ಧಾರಾಳ.

ಕಷ್ಟ ಆದದ್ದು ಬಲ್ಬು ಹುಡುಕುವುದೇ. ಎಲ್‌ಇಡಿ ಬಲ್ಬು ಈ ಕೆಲಸಕ್ಕೆ ಬರುವುದಿಲ್ಲ, ನಮಗೆ ಬೇಕಾದ್ದು ಬೆಳಕಲ್ಲ. ಹಳೆ ತಂತಿ ಬಲ್ಬು ಕೇಳಿದರೆ ಪೇಟೆಯ ಎಲೆಕ್ಟ್ರಿಕಲ್ ಅಂಗಡಿಯ ಹುಡುಗ, "ಅದು ಕೋಳಿಮರಿ ಸಾಕೋರಿಗೆ ಮಾತ್ರ ಹೋಗುತ್ತೆ ಸಾರ್, ಸಂತೆ ದಿನ ಬನ್ನಿ" ಎಂದ. ನಾಲ್ಕು ಒಟ್ಟಿಗೆ ತಂದಿಟ್ಟುಕೊಂಡೆ. ದಿನಪೂರ್ತಿ ಉರಿದರೆ ಹತ್ತಿರ ಹತ್ತಿರ ಒಂದು ಯೂನಿಟ್ಟು. ಗೃಹಜ್ಯೋತಿಯ ಲೆಕ್ಕ ಮೀರಿದರೆ ಬಿಲ್ಲು ಬರುತ್ತದೆ ಎಂದು ಅಮ್ಮ ಶುರುವಿನಲ್ಲಿ ಗೊಣಗಿದರು. "ಕಬ್ಬಿಣಕ್ಕೆ ಬಾಣಂತನ ಮಾಡ್ತಿದಾನೆ" ಎಂದು ಬಂದವರಿಗೆಲ್ಲ ಹೇಳಿದರು.

ಆಶ್ಲೇಷಾ ಮಳೆಯಲ್ಲಿ ಒಂದು ದಿನ ರಾಡು ತೆಗೆಯಲು ಬಾಗಿಲು ತೆಗೆದರೆ ಮೇಲಿನ ಹಲಗೆ ಖಾಲಿ. ರಾಡೆಲ್ಲ ಕೆಳಗೆ, ಕ್ಲಾಂಪಿನ ಜೊತೆ ತುರುಕಿದ್ದಾರೆ. ಮೇಲೆ ಎರಡು ದೊಡ್ಡ ಡಬ್ಬಿ ಹಲಸಿನ ಹಪ್ಪಳ, ಒಂದು ಡಬ್ಬಿ ಸಂಡಿಗೆ, ಪಕ್ಕದಲ್ಲಿ ಬೆಂಕಿಪೊಟ್ಟಣದ ಕಟ್ಟು. ಹಪ್ಪಳ ಒಂದು ತೆಗೆದು ಮುರಿದು ನೋಡಿದೆ, ಚಟ್ ಎಂದಿತು.

"ರಾಡು ಮೇಲೇ ಇರ್ಬೇಕಮ್ಮ, ಬಿಸಿ ಅಲ್ಲಿ ಜಾಸ್ತಿ," ಎಂದೆ.

"ಅದ್ಕೇ ಹಪ್ಪಳ ಅಲ್ಲಿಟ್ಟಿದ್ದು," ಎಂದರು.

ಈ ಸಲ ಮಳೆ ಹಿಡಿಯುವ ಮೊದಲು ಇನ್ನೊಂದು ಕೆಟ್ಟ ಫ್ರಿಜ್ಜು ಎಲ್ಲಾದರೂ ಸಿಗುತ್ತದಾ ಎಂದು ಗುಜರಿಯವನಿಗೆ ಹೇಳಿಟ್ಟಿದ್ದೇನೆ. ಅಣ್ಣಯ್ಯನೂ ತನಗೊಂದು ಬೇಕು ಎಂದಿದ್ದಾನೆ.